ನಗಿಸಿದ್ದಕ್ಕೆ ಸ್ಟ್ರೈಕ್ ಯಾಕೆ? ಕನ್ನಡ ಸಿನಿಮಾ ನಿರ್ಮಾಪಕರಿಗೆ ತೀರ್ಥಹಳ್ಳಿಯಿಂದ ಒಂದು ಬಹಿರಂಗ ಪತ್ರ

ಕನ್ನಡ ಸಿನಿಮಾ ನಿರ್ಮಾಪಕರಿಗೆ,

ನಮಸ್ಕಾರ.

ಈ ಪತ್ರ ಮುಖ್ಯವಾಗಿ ನಿಮ್ಮಲ್ಲಿ ಒಬ್ಬರಿಗೆ. ಅವರು ಯಾರು ಅನ್ನುವುದು ಅವರಿಗೆ ಗೊತ್ತು. ಅವರ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿ ಗಲಾಟೆ ಎಬ್ಬಿಸುವ ಆಸೆ ನಮಗಿಲ್ಲ. ಆದರೆ ಅವರು ಇವತ್ತು ಮಾಡಿದ್ದನ್ನು ನಾಳೆ ಉಳಿದವರೂ ಮಾಡಬಹುದು. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇವೆ.

ವಿಷಯ ಇಷ್ಟು. ಕನ್ನಡ ಸಿನಿಮಾಗಳನ್ನು ತಮಾಷೆಯಾಗಿ ವಿಮರ್ಶೆ ಮಾಡುವವರೊಬ್ಬರು ಯೂಟ್ಯೂಬಿನಲ್ಲಿ ಇದ್ದಾರೆ. ಅವರ ಎರಡು ವಿಡಿಯೊಗಳನ್ನು ಕಾಪಿರೈಟ್ ದೂರು ಕೊಟ್ಟು ತೆಗೆಸಿದ್ದಾರೆ. ಎರಡೂ ದೂರು ಒಂದೇ ಕಡೆಯಿಂದ ಬಂದಿವೆ. ಇಂಥ ಪ್ರತಿ ದೂರಿಗೂ ಯೂಟ್ಯೂಬ್ ಚಾನೆಲ್ಲಿನ ಮೇಲೆ ಒಂದು 'ಸ್ಟ್ರೈಕ್', ಅಂದರೆ ಶಿಕ್ಷೆಯ ಗುರುತು, ಹಾಕುತ್ತದೆ. ಮೂರನೆಯದು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಅದು ಬೀಳುವ ಮೊದಲೇ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ನಾವು ಅಂದರೆ ತೀರ್ಥಹಳ್ಳಿ ಮತ್ತು ಸುತ್ತಮುತ್ತಲಿನ ಒಂದಿಷ್ಟು ಜನ. ಇದು ಸಂಘವಲ್ಲ, ರಿಜಿಸ್ಟರ್ ಆಗಿಲ್ಲ, ಬೋರ್ಡೂ ಇಲ್ಲ. ಅಡಿಕೆ ತೋಟದವರಿದ್ದಾರೆ, ಗ್ಯಾರೇಜ್ ಇಟ್ಟವರೊಬ್ಬರಿದ್ದಾರೆ, ಕಾಲೇಜು ಹುಡುಗ ಹುಡುಗಿಯರಿದ್ದಾರೆ. ನರ್ಸ್ ಆಗಿರುವ ಅಕ್ಕ ಒಬ್ಬರು ನೈಟ್ ಡ್ಯೂಟಿ ಮುಗಿಸಿ ಬರುವಾಗ ಬಸ್ಸಿನಲ್ಲೇ ವಿಡಿಯೊ ನೋಡಿ, ಎಲ್ಲರಿಗಿಂತ ಮೊದಲು ವಾಯ್ಸ್ ಮೆಸೇಜ್ ಹಾಕುತ್ತಾರೆ. ವಾಟ್ಸ್ಯಾಪ್ ಗುಂಪಿನಲ್ಲಿ ಶುರುವಾದ ಜಗಳ ಸಂಜೆ ಕ್ಯಾಂಟೀನಿನಲ್ಲಿ ಮುಗಿಯುತ್ತದೆ. ಒಮ್ಮೊಮ್ಮೆ ಮುಗಿಯುವುದೂ ಇಲ್ಲ. ನಮ್ಮನ್ನು ಈ ವಿಮರ್ಶಕರ ಅಭಿಮಾನಿಗಳು ಅಂತ ಕರೆದರೆ ಬೇಜಾರಿಲ್ಲ. ಆದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಲ್ಲ. ಅವರ ವಿಡಿಯೊಗಳನ್ನು ನಾವು ಬೈಯ್ದಷ್ಟು ನೀವೂ ಬೈಯ್ದಿರಲಿಕ್ಕಿಲ್ಲ.

ತೆಗೆಸಿದ ಮೊದಲ ವಿಡಿಯೊ ಒಂದು ಹೊಡೆದಾಟದ ಸಿನಿಮಾದ ಮೇಲಿನದು. ಹೀರೊ ಬಾಗಿಲು ತೆಗೆಯುವುದು, ಕನ್ನಡಕ ಹಾಕುವುದು, ಕಾಫಿ ಕುಡಿಯುವುದು ಎಲ್ಲವೂ ಸ್ಲೋ ಮೋಷನ್‌ನಲ್ಲಿತ್ತು. ಇವರು ಒಂದು ಸ್ಟಾಪ್‌ವಾಚ್ ಹಿಡಿದು ಕೂತರು. ಅದನ್ನೆಲ್ಲ ಮಾಮೂಲಿ ಸ್ಪೀಡಿಗೆ ತಂದರೆ ಸಿನಿಮಾ ಮುಗಿಸಿ ಇಂಟರ್ವಲ್‌ಗೆ ಮೊದಲೇ ಮನೆಗೆ ಹೋಗಬಹುದು ಅಂದರು. ಜೋಕು ಸಾಧಾರಣ. ಆದರೆ ಅದೇ ವಿಡಿಯೊದಲ್ಲಿ, ನಿಧಾನ ಮಾಡಿದ ಶಾಟು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಸುಮ್ನೆ ಟೈಮ್ ತಿನ್ನುತ್ತದೆ ಅಂತ ಎರಡು ದೃಶ್ಯ ಪಕ್ಕಪಕ್ಕ ಇಟ್ಟು ತೋರಿಸಿದ್ದರು. ನಮ್ಮ ಗ್ಯಾರೇಜಿನ ಅಣ್ಣ ಆಮೇಲೆ ಯಾವ ಸಿನಿಮಾ ನೋಡಿದರೂ ಅದನ್ನೇ ಹೇಳುತ್ತಾರೆ. 'ನೋಡ್ರಿ, ಇಲ್ಲಿ ನಿಧಾನ ಮಾಡಿದ್ದು ಸರಿ ಇದೆ.' ಅವರು ಮೊದಲು ಇಂಥ ಮಾತು ಆಡಿದವರೇ ಅಲ್ಲ.

ಎರಡನೆಯದು ನಮಗೆ ಹತ್ತಿರದ ವಿಡಿಯೊ. ಅದನ್ನು ತೆಗೆಸಿದ್ದಕ್ಕೇ ಇಷ್ಟು ಸಿಟ್ಟು ಬಂದಿದ್ದು.

ಮಲೆನಾಡಿನ ಕಥೆ ಅಂತ ಪ್ರಚಾರ ಮಾಡಿದ ಸಿನಿಮಾ ಅದು. ಪೋಸ್ಟರಿನಲ್ಲಿ ಮಂಜು, ಹೆಂಚಿನ ಮನೆ, ಅಡಿಕೆ ಮರ ಎಲ್ಲಾ ಇತ್ತು. ನಾವು ಖುಷಿಯಿಂದಲೇ ಹೋಗಿ ನೋಡಿದೆವು. ಕಥೆ ನಡೆಯುವುದು ಆಗುಂಬೆ ಹತ್ತಿರದ ಊರಿನಲ್ಲಿ, ಜುಲೈ ತಿಂಗಳಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಬೀಳುವುದು ಜುಲೈ, ಆಗಸ್ಟಿನಲ್ಲೇ. ಅಲ್ಲಿಗೆ ವಿಲನ್ನಿನ ಜೀಪುಗಳು ಸಾಲಾಗಿ ಬರುತ್ತವೆ, ಹಿಂದೆ ಧೂಳು ಏಳುತ್ತದೆ. ವಿಮರ್ಶಕರು ಆ ಫ್ರೇಮನ್ನು ನಿಲ್ಲಿಸಿ, ಏನೂ ಮಾತಾಡದೆ, ಪಕ್ಕದಲ್ಲಿದ್ದ ಕೊಡೆ ಬಿಡಿಸಿ ಕೂತುಬಿಟ್ಟರು. ಅಷ್ಟೇ. ಕ್ಯಾಂಟೀನಿನಲ್ಲಿ ಒಬ್ಬರಿಗೆ ಚಹಾ ನೆತ್ತಿಗೆ ಹತ್ತಿತು.

ಆಮೇಲೆ ಕೊಯ್ಲಿನ ದೃಶ್ಯ. ಹೀರೊ ಧಾರಾಕಾರ ಮಳೆಯಲ್ಲಿ ಒಬ್ಬನೇ ಮರ ಹತ್ತಿ ಕೊನೆ (ಅಡಿಕೆ ಗೊನೆ) ಕಡಿದು ಕೆಳಗೆ ಎಸೆಯುತ್ತಾನೆ. ಹಳದಿ ಹಣ್ಣಡಿಕೆಯನ್ನು ಹಾಗೇ ಚೀಲಕ್ಕೆ ತುಂಬಿ ಶಿವಮೊಗ್ಗದಲ್ಲಿ ಅಡಿಕೆ ಮಾರುವ ಮಂಡಿಗೆ ಹಾಕಿ, ಅದೇ ದಿನ ಸಂಜೆ ತಂಗಿ ಮದುವೆಗೆ ದುಡ್ಡು ತರುತ್ತಾನೆ. ನಮ್ಮ ಕಡೆ ಮಳೆಗಾಲದಲ್ಲಿ ಅಡಿಕೆಗೆ ಮಾಡುವ ಕೆಲಸ ಕೊಯ್ಲಲ್ಲ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು. ಕೊಯ್ಲು ಮಳೆ ಬಿಟ್ಟ ಮೇಲೆ. ಮರ ಹತ್ತುವ ಕೊನೆಗಾರ ಕೊನೆ ಇಳಿಸಿದ ಮೇಲೆ ಸುಲಿಯಬೇಕು, ಚೊಗರು (ಅಡಿಕೆ ಬೇಯಿಸಿ ಉಳಿದ ಬಣ್ಣದ ನೀರು) ಹಾಕಿ ಬೇಯಿಸಬೇಕು, ಚಪ್ಪರದ ಮೇಲೆ ದಿನಗಟ್ಟಲೆ ಒಣಗಿಸಬೇಕು. ಆಮೇಲೆ ಆರಿಸಿ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡಬೇಕು. ಮಂಡಿ ಅದರಾಚೆಗಿನ ಮಾತು. ವಿಮರ್ಶಕರು ಇದನ್ನೆಲ್ಲ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. 'ಈ ಹೀರೊ ಅಡಿಕೆ ಬೇಯಿಸಲೇ ಇಲ್ಲ, ನಮ್ಮ ತಲೆ ಬೇಯಿಸಿದ' ಅಂದರು. ಬರಿಗಾಲಲ್ಲಿ ಕಾಡಿನ ತುಂಬ ಓಡಿದ ಹೀರೊಗೆ ಒಂದು ಉಂಬಳವೂ (ಜಿಗಣೆಯೂ) ಹತ್ತಲಿಲ್ಲ ಅನ್ನುವುದನ್ನು ಮಾತ್ರ ಅವರು ಬಿಟ್ಟಿದ್ದರು. ಅದನ್ನು ನಮ್ಮ ಗುಂಪಿನ ಕಾಲೇಜು ಹುಡುಗ ಪೂರ್ತಿ ಮಾಡಿದ: 'ಉಂಬಳಕ್ಕೆ ಡೇಟ್ ಸಿಕ್ಕಿರಲಿಲ್ಲ ಅನ್ಸುತ್ತೆ.'

ಇಷ್ಟೇ ಆಗಿದ್ದರೆ ಬರೀ ಗೇಲಿ ಅನ್ನಬಹುದಿತ್ತು. ಅದೇ ವಿಡಿಯೊದಲ್ಲಿ ಅವರು ತಾಯಿ ಪಾತ್ರ ಮಾಡಿದ ನಟಿಯ ಬಗ್ಗೆ ತುಂಬ ಹೊತ್ತು ಮಾತಾಡಿದ್ದರು. ಕರೆಂಟು ಹೋದ ರಾತ್ರಿ ಅಡುಗೆಮನೆಯಲ್ಲಿ ಆಕೆ ಚಿಮಣಿ ದೀಪದ ಬತ್ತಿ ಏರಿಸುತ್ತಾ ಮಗನನ್ನು ನೋಡದೆ ಮಾತಾಡುವ ದೃಶ್ಯ ಒಂದಿದೆ. ಅದನ್ನು ಸ್ವಲ್ಪವೇ ತೋರಿಸಿ, ಕ್ಯಾಮೆರಾ ಆಕೆಯ ಮುಖದ ಹತ್ತಿರ ಹೋಗದೆ ಬಾಗಿಲಲ್ಲೇ ನಿಂತಿದ್ದು ಎಷ್ಟು ಒಳ್ಳೆಯದಾಯಿತು ಅಂತ ವಿವರಿಸಿದ್ದರು. ಸಿನಿಮಾ ನೋಡುವಾಗ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಇಂಟರ್ವಲ್ ಫೈಟಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅನ್ನುವುದೇ ತಿಳಿಯದ ಹಾಗೆ ಎಡಿಟ್ ಆಗಿರುವುದನ್ನೂ, ಹಿನ್ನೆಲೆ ಸಂಗೀತ ಸಂಭಾಷಣೆಯನ್ನು ನುಂಗುವುದನ್ನೂ ಕೇಳಿಸಿ ತೋರಿಸಿದ್ದರು. ಇದು ವಿಮರ್ಶೆ ಅಲ್ವಾ? ನಗು ಬಂದ ತಕ್ಷಣ ಅದು ವಿಮರ್ಶೆ ಅಲ್ಲ ಅಂತ ಆಗುತ್ತದಾ?

ಈ ವಿಡಿಯೊ ನೋಡಿ ನಮ್ಮಲ್ಲಿ ಇಬ್ಬರು ಆ ತಾಯಿ ಪಾತ್ರಕ್ಕಾಗಿಯೇ ಮತ್ತೆ ಸಿನಿಮಾಕ್ಕೆ ಹೋದರು. ನಿಮ್ಮ ಟಿಕೆಟ್ಟೇ ಅದು.

ಸಿನಿಮಾ ಬಿಡುಗಡೆಯಾದ ವಾರದೊಳಗೇ ಆ ವಿಡಿಯೊ ಮಾಯವಾಯಿತು. ತೆರೆದರೆ, ಕಾಪಿರೈಟ್ ದೂರಿನಿಂದಾಗಿ ಲಭ್ಯವಿಲ್ಲ ಅನ್ನುವ ಒಂದು ಸಾಲು ಮಾತ್ರ. ಗುಂಪಿನಲ್ಲಿ ಹೊಸನಗರ ಕಡೆಯ ಹಳ್ಳಿಯವರೊಬ್ಬರಿದ್ದಾರೆ. ಅವರ ಊರಿನಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಪೇಟೆಗೆ ಬಂದಾಗ ಆ್ಯಪಿನಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ ರಾತ್ರಿ ಮನೆಯವರ ಜೊತೆ ನೋಡುವುದು ಅವರ ಪದ್ಧತಿ. ಅವರು ಅರ್ಧ ನೋಡಿಟ್ಟಿದ್ದರು. ಮತ್ತೆ ಪೇಟೆಗೆ ಬಂದು ನೆಟ್ ಹತ್ತಿದ್ದೇ ತಡ, ಮೊಬೈಲಿನಲ್ಲಿದ್ದದ್ದೂ ಹೋಯಿತು. 'ಕೊನೆಗೆ ಏನಂದ್ರು ಹೇಳ್ರೋ' ಅಂತ ಇವತ್ತಿಗೂ ಕೇಳುತ್ತಿದ್ದಾರೆ.

ಈಗ ಕಾನೂನಿನ ಮಾತು. ನಾವು ವಕೀಲರಲ್ಲ, ಆದರೆ ಗುಂಪಿನಲ್ಲಿ ಲಾ ಓದುತ್ತಿರುವ ಹುಡುಗಿಯೊಬ್ಬಳಿದ್ದಾಳೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ತೆಗೆದು ನಮ್ಮ ಮುಂದಿಟ್ಟಳು. ಯಾವುದೇ ಕೃತಿಯನ್ನು ಟೀಕೆ ಅಥವಾ ವಿಮರ್ಶೆಗಾಗಿ ನ್ಯಾಯವಾದ ರೀತಿಯಲ್ಲಿ ಬಳಸಿಕೊಂಡರೆ ಅದು ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತ ಅಲ್ಲಿದೆ. ಮೊದಲು ಆ ಸಾಲಿನಲ್ಲಿ ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿ ಅಂತ ಮಾತ್ರ ಇತ್ತಂತೆ. 2012ರ ತಿದ್ದುಪಡಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬಿಟ್ಟು 'ಯಾವುದೇ ಕೃತಿ' ಅಂತ ಮಾಡಿದರು. ಅಲ್ಲಿಗೆ ಸಿನಿಮಾವೂ ಸೇರಿತು. ಹಾಗಂತ ಇಡೀ ಸಿನಿಮಾ ಹಾಕಿ ಮಧ್ಯೆ 'ಚೆನ್ನಾಗಿಲ್ಲ' ಅಂದುಬಿಟ್ಟರೆ ಅದು ವಿಮರ್ಶೆ ಆಗುವುದಿಲ್ಲ. ಎಷ್ಟು ತೋರಿಸಿದರು, ಯಾಕೆ ತೋರಿಸಿದರು, ಅದನ್ನು ನೋಡಿದವರಿಗೆ ಸಿನಿಮಾ ನೋಡುವ ಅಗತ್ಯವೇ ಇಲ್ಲದ ಹಾಗಾಯಿತಾ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಈ ವಿಡಿಯೊದಲ್ಲಿದ್ದದ್ದು ಕೆಲವೇ ಸೆಕೆಂಡುಗಳ ತುಣುಕುಗಳು. ಪ್ರತಿ ತುಣುಕಿನ ಮೇಲೂ ಅವರ ಮಾತಿತ್ತು. ಅದನ್ನು ನೋಡಿ ಯಾರೂ ಸಿನಿಮಾ ನೋಡಿದ ಹಾಗೆ ಆಗುವುದಿಲ್ಲ.

ನಿಮಗೆ ಇದು ಗೊತ್ತಿಲ್ಲ ಅಂತ ನಾವು ನಂಬುವುದಿಲ್ಲ. ನಿಮ್ಮ ಹತ್ತಿರ ವಕೀಲರಿದ್ದಾರೆ. ತೊಂದರೆ ಏನೆಂದರೆ, ಯೂಟ್ಯೂಬಿನ ವ್ಯವಸ್ಥೆಯಲ್ಲಿ ಕಾನೂನು ಆಮೇಲೆ, ಶಿಕ್ಷೆ ಮೊದಲು. ನೀವು ಒಂದು ಫಾರ್ಮ್ ತುಂಬಿದರೆ ವಿಡಿಯೊ ಹೋಗುತ್ತದೆ, ಒಂದು ಸ್ಟ್ರೈಕ್ ಬೀಳುತ್ತದೆ. ಅದು 90 ದಿನ ಇರುತ್ತದೆ. ಆ ಅವಧಿಯಲ್ಲಿ ಒಟ್ಟು ಮೂರಾದರೆ ಚಾನೆಲ್ಲನ್ನೇ ಮುಚ್ಚಬಹುದು. ಹಳೆಯ ವಿಡಿಯೊಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ವಿಮರ್ಶಕರು ಇದನ್ನು ಪ್ರಶ್ನೆ ಮಾಡಬಹುದು, ನಿಜ. ಆಗ ನೀವು ಕೋರ್ಟಿಗೆ ಹೋಗಿದ್ದೀರಿ ಅಂತ ತೋರಿಸಲು 10 ಕೆಲಸದ ದಿನಗಳ ಗಡುವು ಇರುತ್ತದೆ. ತೋರಿಸದಿದ್ದರೆ ವಿಡಿಯೊ ವಾಪಸ್ ಬರುತ್ತದೆ. ಆದರೆ ಹಾಗೆ ಪ್ರಶ್ನೆ ಮಾಡಬೇಕಾದರೆ ಅವರು ತಮ್ಮ ನಿಜವಾದ ಹೆಸರು, ವಿಳಾಸ ಕೊಡಬೇಕು. ಅದು ನೇರವಾಗಿ ದೂರು ಕೊಟ್ಟವರ ಕೈಗೆ ಹೋಗುತ್ತದೆ. ಸ್ಟಾರ್ ಸಿನಿಮಾವನ್ನು ಗೇಲಿ ಮಾಡಿದವರ ಮನೆ ವಿಳಾಸ ಹೊರಗೆ ಬಂದರೆ ಏನಾಗಬಹುದು ಅನ್ನುವುದನ್ನು ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ.

ಹತ್ತು ಕೆಲಸದ ದಿನ ಅಂದರೆ ಕ್ಯಾಲೆಂಡರಿನಲ್ಲಿ ಎರಡು ವಾರ. ನಮ್ಮ ಕಡೆ ಎರಡು ವಾರ ಓಡುವ ಸಿನಿಮಾ ಎಷ್ಟಿವೆ? ವಿಡಿಯೊ ವಾಪಸ್ ಬರುವ ಹೊತ್ತಿಗೆ ಸಿನಿಮಾ ಓಟಿಟಿಗೆ ಹೋಗಿರುತ್ತದೆ. ಗೆದ್ದರೂ ಸೋತ ಹಾಗೆ. ಆಧಾರವಿಲ್ಲದೆ ಕಾಪಿರೈಟ್ ಹೆಸರಲ್ಲಿ ಬೆದರಿಸಿದವರ ವಿರುದ್ಧ ಪರಿಹಾರ ಕೇಳಲು ಅದೇ ಕಾಯ್ದೆಯಲ್ಲಿ 60ನೇ ಸೆಕ್ಷನ್ ಇದೆ. ಆದರೆ ಒಬ್ಬರೇ ಕೂತು ವಿಡಿಯೊ ಮಾಡುವವರು ಒಂದು ನಿರ್ಮಾಣ ಸಂಸ್ಥೆಯ ಮೇಲೆ ಕೇಸು ಹಾಕಿ ವರ್ಷಗಟ್ಟಲೆ ಅಲೆಯುತ್ತಾರಾ?

ಇನ್ನೊಂದು ಸಂಗತಿ ನಮಗೆ ಬಹಳ ಕಾಡಿತು. ಅದೇ ಸಿನಿಮಾದ ಟ್ರೈಲರನ್ನು ಪೂರ್ತಿ ಹಾಕಿಕೊಂಡು 'ಗುರೂ ಬೆಂಕಿ' ಅಂತ ಕೂಗಿದ ರಿಯಾಕ್ಷನ್ ವಿಡಿಯೊಗಳು ಇವತ್ತಿಗೂ ಹಾಗೇ ಇವೆ. ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಕಿ ಕುಣಿದವರ ಮೇಲೆ ದೂರಿಲ್ಲ. ಚಿತ್ರಮಂದಿರದೊಳಗೆ ಹೀರೊ ಎಂಟ್ರಿಯನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದವರನ್ನು ನಿಮ್ಮ ಪೇಜೇ ಶೇರ್ ಮಾಡಿತು. ಆಸ್ತಿ ಕಾಪಾಡುವುದೇ ಉದ್ದೇಶವಾಗಿದ್ದರೆ ಮೊದಲು ಅವರನ್ನಲ್ವಾ ತಡೆಯಬೇಕಿದ್ದು? ಹೊಗಳಿದವರಿಗೆ ಒಂದು ನಿಯಮ, ನಕ್ಕವರಿಗೆ ಇನ್ನೊಂದು ಅಂದರೆ ದೂರು ಕಾಪಿರೈಟಿನದ್ದಲ್ಲ, ಬೇಜಾರಿನದ್ದು. ಬೇಜಾರಾಗಲಿ, ಆಗಬಾರದು ಅಂತ ನಾವು ಹೇಳುವುದಿಲ್ಲ. ಕೋಟಿಗಟ್ಟಲೆ ಹಾಕಿ, ವರ್ಷಗಟ್ಟಲೆ ಕೆಲಸ ಮಾಡಿದ್ದನ್ನು ಯಾರೋ ಕೊಡೆ ಬಿಡಿಸಿ ಗೇಲಿ ಮಾಡಿದರೆ ಉರಿಯದೇ ಇರುತ್ತದಾ? ಆದರೆ ಆ ಉರಿಗೆ ಕಾಪಿರೈಟ್ ಫಾರ್ಮ್ ಮದ್ದಲ್ಲ.

ವಿಮರ್ಶಕರ ಕಡೆಯ ತಪ್ಪನ್ನೂ ಹೇಳಿಬಿಡುತ್ತೇವೆ. ಅವರ ಥಂಬ್‌ನೇಲ್‌ಗಳು ಕೆಟ್ಟದಾಗಿರುತ್ತವೆ, ಬಾಯಿ ಬಿಟ್ಟು ನಿಂತ ಮುಖಗಳೇ ಎಲ್ಲದರಲ್ಲೂ. ಈಚೆಗೆ ವಿಡಿಯೊ ಉದ್ದವಾಗುತ್ತಿದೆ. ಹಳೆಯವು ಚುರುಕಾಗಿದ್ದವು ಅನ್ನುವವರು ನಮ್ಮಲ್ಲಿ ಅರ್ಧ ಜನ ಇದ್ದಾರೆ. ಕ್ಲೈಮ್ಯಾಕ್ಸ್ ಹೇಳಿಬಿಡುವ ಕೆಟ್ಟ ಚಾಳಿಯೂ ಇದೆ. ಒಮ್ಮೆ ಒಬ್ಬ ಪೋಷಕ ನಟರ ಮೈಕಟ್ಟಿನ ಬಗ್ಗೆ ಜೋಕು ಮಾಡಿದ್ದರು. ಅದು ನಮಗ್ಯಾರಿಗೂ ಹಿಡಿಸಲಿಲ್ಲ. ನರ್ಸ್ ಅಕ್ಕ ನೇರವಾಗಿ ಬರೆದರು: 'ದೇಹ ನೋಡಿ ನಗೋದು ಹಾಸ್ಯ ಅಲ್ಲ, ಪಾತ್ರ ನೋಡಿ ನಗಿ.' ಅದೇ ಮಾತನ್ನು ಬೇರೆ ಬೇರೆ ಊರಿನವರೂ ಬರೆದಿದ್ದರು. ಮರುದಿನ ಆ ಭಾಗವನ್ನು ಅವರು ಕತ್ತರಿಸಿ ತೆಗೆದರು, ಮುಂದಿನ ವಿಡಿಯೊದ ಶುರುವಿನಲ್ಲಿ ಆ ನಟರ ಕ್ಷಮೆ ಕೇಳಿದರು. ಯಾವ ಸ್ಟ್ರೈಕೂ ಬೇಕಾಗಲಿಲ್ಲ.

ಸ್ಟ್ರೈಕು ಬಿದ್ದ ಮೇಲೆ ಏನಾಯಿತು ನೋಡಿ. ಅವರ ಹೊಸ ವಿಡಿಯೊದಲ್ಲಿ ಸಿನಿಮಾದ ಒಂದೇ ಒಂದು ತುಣುಕಿಲ್ಲ. ಭಯ. ಅಡುಗೆಮನೆಯ ಪಾತ್ರೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕಥೆ ಹೇಳಿದ್ದಾರೆ. ಚೊಂಬು ಹೀರೊ, ಸೌಟು ವಿಲನ್, ಮುಚ್ಚಳ ಬೀಳುವ ಸದ್ದೇ ಹಿನ್ನೆಲೆ ಸಂಗೀತ. ಹೀರೊಯಿನ್ನಿಗೆ ಕಥೆಯಲ್ಲಿ ಕೆಲಸ ಇಲ್ಲದ್ದರಿಂದ ಅವಳು ಶೋಕೇಸಿನಲ್ಲಿಟ್ಟ ಬೆಳ್ಳಿ ಲೋಟ. ನಾವು ಹೊಟ್ಟೆ ಹಿಡಿದು ನಕ್ಕೆವು ಅನ್ನುವುದು ಸುಳ್ಳಲ್ಲ. ಕಾಲೇಜು ಹುಡುಗರ ಪ್ರಕಾರ ಅವರ ಬೆಸ್ಟ್ ವಿಡಿಯೊ ಇದೇ. ನಾನು ಒಪ್ಪುವುದಿಲ್ಲ. ಒಂದು ಶಾಟು ತಪ್ಪಾದ ಜಾಗದಲ್ಲಿ ಕತ್ತರಿಸಿದೆ ಅನ್ನುವುದನ್ನು ಚೊಂಬು ಹಿಡಿದು ತೋರಿಸುವುದಕ್ಕೆ ಆಗುತ್ತಾ? ಚಿಮಣಿ ದೀಪದ ದೃಶ್ಯದಲ್ಲಿ ಆ ನಟಿ ಮಾಡಿದ್ದನ್ನು ಯಾವ ಪಾತ್ರೆ ತೋರಿಸುತ್ತದೆ? ಹೊಸ ವಿಡಿಯೊದಲ್ಲಿ ಬೈಗುಳ ಉಳಿದುಕೊಂಡಿದೆ, ಮೆಚ್ಚುಗೆ ಹೋಗಿದೆ. ಬೈಯ್ಯಲಿಕ್ಕೆ ಸಾಕ್ಷಿ ಬೇಡ, ಹೊಗಳಲಿಕ್ಕೆ ದೃಶ್ಯ ಬೇಕು. ನಷ್ಟ ಯಾರಿಗಾಯಿತು ಅಂತ ನೀವೇ ಯೋಚಿಸಿ.

ಈ ವಿಮರ್ಶೆಗಳು ನಮಗೆ ಯಾಕೆ ಬೇಕು ಅಂತಲೂ ಹೇಳಬೇಕು. ಬೆಂಗಳೂರಿನವರಿಗೆ ಇದು ಅಷ್ಟಾಗಿ ತಿಳಿಯಲಿಕ್ಕಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಮಂಡಗದ್ದೆ, ಸಕ್ರೆಬೈಲು ದಾಟಿ ಹೋಗಬೇಕು. ಮಳೆಗಾಲದಲ್ಲಿ ಎರಡು ಗಂಟೆ ಹಿಡಿದರೂ ಹೆಚ್ಚಲ್ಲ. ಸಂಜೆ ಶೋ ನೋಡಿದರೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ. ಹಾಗಾಗಿ ಒಂದು ಸಿನಿಮಾ ಅಂದರೆ ನಮಗೆ ಒಂದು ದಿನದ ಕೆಲಸ ಬಿಟ್ಟ ಹಾಗೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿದಾಗ ಖುಷಿಪಟ್ಟೆವು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು, ಖುಷಿ ಅಲ್ಲಿಗೆ ನಿಂತಿತು. ಟಿಕೆಟ್ಟು ಎಷ್ಟೇ ಇರಲಿ, ನಮಗೆ ಅದರ ಮೇಲೆ ಬಸ್ ಚಾರ್ಜು, ಊಟ, ಹೋದ ಕೂಲಿ ಸೇರುತ್ತದೆ. ಮನೆಯವರನ್ನೆಲ್ಲ ಕರೆದುಕೊಂಡು ಹೊರಡುವ ಮೊದಲು ಯಾರನ್ನಾದರೂ 'ಹ್ಯಾಂಗಿದೆ' ಅಂತ ಕೇಳುವುದು ತಪ್ಪಾ? ಮೊದಲು ನೋಡಿ ಬಂದ ಪಕ್ಕದ ಮನೆಯವರನ್ನು ಕೇಳುತ್ತಿದ್ದೆವು. ಈಗ ಊರಿನ ಟಾಕೀಸುಗಳು ಒಂದೊಂದಾಗಿ ಗೋದಾಮು, ಕಲ್ಯಾಣ ಮಂಟಪ ಆಗಿವೆ. ಪಕ್ಕದ ಮನೆಯವರೂ ನೋಡಿರುವುದಿಲ್ಲ. ಅದಕ್ಕೇ ಈ ವಿಮರ್ಶಕರನ್ನು ಕೇಳುತ್ತೇವೆ.

ಈ ಮಣ್ಣಿಗೆ ಸಿನಿಮಾ ಬಗ್ಗೆ ಮಾತಾಡುವ ಚಟ ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಅನ್ನುವ ನಾಟಕ ಸಂಸ್ಥೆ 1973ರಲ್ಲೇ ಚಿತ್ರಸಮಾಜ ಕಟ್ಟಿ, ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿ, ನೋಡಿದ ಮೇಲೆ ಕೂತು ಚರ್ಚೆ ಮಾಡಿಸಿತು. ತೋಟದ ಕೆಲಸ ಮುಗಿಸಿ ಬಂದವರು ಜಪಾನಿನ ಸಿನಿಮಾ ನೋಡಿ ಜಗಳ ಆಡಿದ ಜಿಲ್ಲೆ ಇದು. ಪಿ. ಲಂಕೇಶ್ ಇದೇ ಜಿಲ್ಲೆಯ ಕೊನಗವಳ್ಳಿಯವರು. ಸಿನಿಮಾ ಮಾಡಿ ರಾಷ್ಟ್ರ ಪ್ರಶಸ್ತಿ ತಗೊಂಡವರು, ಆಮೇಲೆ 1980ರಲ್ಲಿ ಪತ್ರಿಕೆ ಶುರು ಮಾಡಿ ದೊಡ್ಡವರೆನಿಸಿಕೊಂಡವರನ್ನು ಗೇಲಿ ಮಾಡಿದವರು.

'ಸಂಸ್ಕಾರ'ದ ಕಥೆ ನಿಮಗೆ ಗೊತ್ತಿರುತ್ತದೆ. ನಮ್ಮ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಲಂಕೇಶರು ನಾರಣಪ್ಪನ ಪಾತ್ರ ಮಾಡಿದ್ದರು. ಕೆಲವರಿಗೆ ನೋವಾಗುತ್ತದೆ ಅಂತ ಮದ್ರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಹಿಡಿಯಿತು. ಸಿನಿಮಾದವರು ಬಿಡದೆ ಹೋರಾಡಿ ಬಿಡುಗಡೆ ಮಾಡಿಸಿದರು. 1970ರ ಅತ್ಯುತ್ತಮ ಚಿತ್ರ ಅನ್ನುವ ರಾಷ್ಟ್ರ ಪ್ರಶಸ್ತಿ ಅದಕ್ಕೇ ಬಂತು. 'ನಮಗೆ ನೋವಾಯಿತು, ಅದಕ್ಕೆ ನಿಲ್ಲಿಸಿ' ಅನ್ನುವ ಮಾತಿನ ವಿರುದ್ಧ ನಿಂತು ಗೆದ್ದ ಚಿತ್ರರಂಗ ನಿಮ್ಮದು. ಈಗ ಅದೇ ಮಾತನ್ನು ನೀವು ಹೇಳಿದರೆ ಕೇಳುವವರಿಗೆ ಹೇಗಾಗಬೇಡ?

ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಯಕ್ಷಗಾನ ಶುರುವಾಗುತ್ತದೆ. ರಾಜನ ಒಡ್ಡೋಲಗದಲ್ಲಿ ಹಾಸ್ಯಗಾರ ರಾಜನ ಕಾಲೆಳೆಯುತ್ತಾನೆ, ಸಭೆ ನಗುತ್ತದೆ. ರಾಜನ ವೇಷಧಾರಿ ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಓಡಿ ಹೋಗಿ ಮೇಳದ ಯಜಮಾನರಿಗೆ ದೂರು ಕೊಡುವುದಿಲ್ಲ. ಅಲ್ಲೇ ಮಾತಿಗೆ ಮಾತು ಕೊಡುತ್ತಾನೆ. ಮಾತು ಬಲ್ಲ ವೇಷಧಾರಿಯಾದರೆ ಹಾಸ್ಯಗಾರನಿಗಿಂತ ಜಾಸ್ತಿ ಚಪ್ಪಾಳೆ ಅವನೇ ತಗೊಳ್ಳುತ್ತಾನೆ.

ಬೇರೆ ರಾಜ್ಯಗಳಲ್ಲೂ ಈ ಜಗಳ ನಡೆದಿದೆ. ಕೇರಳದಲ್ಲಿ ವಿಷಯ ಹೈಕೋರ್ಟಿಗೆ ಹೋಗಿ, ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ವಿಮರ್ಶೆ ಹಾಕದೆ ಕಾಯಲಿ ಅಂತ 2024ರಲ್ಲಿ ಕೋರ್ಟಿನ ಸಲಹೆಗಾರರು ಸೂಚಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನ ವಿಮರ್ಶೆಯೇ ಬೇಡ ಅಂತ ಮದ್ರಾಸ್ ಹೈಕೋರ್ಟಿಗೆ ಹೋದರು. ಕೋರ್ಟು ಅಂಥ ಮಧ್ಯಂತರ ತಡೆ ಕೊಡಲಿಲ್ಲ. ಇಲ್ಲೂ ಯಾರಾದರೂ ಅದೇ ಬೇಡಿಕೆ ಇಟ್ಟರೆ ನಮ್ಮದೊಂದು ಮಾತಿದೆ. ಮೊದಲ ಮೂರು ದಿನ ವಿಮರ್ಶೆ ಬೇಡ ಅನ್ನುವುದಾದರೆ, ಆ ಮೂರು ದಿನ 'ಬ್ಲಾಕ್‌ಬಸ್ಟರ್ ಹಿಟ್' ಅಂತ ನೀವು ಪೋಸ್ಟರ್ ಹಾಕುವುದೂ ಬೇಡ. ಅದೂ ಒಂಥರಾ ವಿಮರ್ಶೆಯೇ.

ನಿಮ್ಮ ಕಷ್ಟಗಳಲ್ಲಿ ನಿಜವಾದವೂ ಇವೆ. ಸಿನಿಮಾ ಬಂದ ದಿನವೇ ಪೈರಸಿ ಲಿಂಕು ಓಡಾಡುತ್ತದೆ. ಅದನ್ನು ನಮ್ಮ ಗುಂಪಿನಲ್ಲಿ ಹಾಕಿದವರನ್ನು ನಾವೇ ಹೊರಗೆ ಹಾಕಿದ್ದೇವೆ. ಸಿನಿಮಾ ನೋಡದೆಯೇ ನಕಲಿ ಅಕೌಂಟುಗಳಿಂದ ಒಂದು ಸ್ಟಾರ್ ಕೊಟ್ಟು ರೇಟಿಂಗ್ ಇಳಿಸುವವರಿದ್ದಾರೆ. ದುಡ್ಡು ಕೊಟ್ಟರೆ ಹೊಗಳಿಕೆ, ಇಲ್ಲದಿದ್ದರೆ ತೆಗಳಿಕೆ ಅಂತ ವ್ಯಾಪಾರಕ್ಕೆ ಇಳಿದವರ ಬಗ್ಗೆಯೂ ಕೇಳಿದ್ದೇವೆ. ಅಂಥವರನ್ನು ಪೊಲೀಸರಿಗೆ ಹಿಡಿದು ಕೊಡಿ, ನಾವು ನಿಮ್ಮ ಪರ. ಟಿಕೆಟ್ ತಗೊಂಡು, ಸಿನಿಮಾ ಪೂರ್ತಿ ನೋಡಿ, ತಮ್ಮ ಮುಖ ತೋರಿಸಿ ಮಾತಾಡುವ ಒಬ್ಬರನ್ನು ಆ ಸಾಲಿಗೆ ಸೇರಿಸಬೇಡಿ ಅಂತಷ್ಟೇ ನಾವು ಕೇಳುತ್ತಿರುವುದು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಕೊಟ್ಟಿರುವ ಎರಡೂ ದೂರನ್ನು ವಾಪಸ್ ತಗೊಳ್ಳಿ. ದೂರು ಕೊಟ್ಟವರೇ ಹಿಂಪಡೆಯಲು ಯೂಟ್ಯೂಬಿನಲ್ಲಿ ದಾರಿ ಇದೆ. ಹಾಗೆ ಮಾಡಿದರೆ ಸ್ಟ್ರೈಕೂ ಹೋಗುತ್ತದೆ. ಕೋರ್ಟು ಬೇಡ, ವಕೀಲರೂ ಬೇಡ. ಮುಂದೆ ಯಾವುದಾದರೂ ವಿಡಿಯೊದಲ್ಲಿ ನಿಜವಾಗಿಯೂ ಜಾಸ್ತಿ ತುಣುಕು ಬಳಸಿದ್ದಾರೆ ಅನ್ನಿಸಿದರೆ, ದೂರಿನ ಫಾರ್ಮಿನಲ್ಲೇ 7 ದಿನದ ನೋಟಿಸ್ ಕೊಡುವ ಆಯ್ಕೆ ಇದೆ. ಅದನ್ನು ಬಳಸಿ. ಆ ಏಳು ದಿನದಲ್ಲಿ ಅವರೇ ವಿಡಿಯೊ ತೆಗೆದರೆ ಸ್ಟ್ರೈಕ್ ಬೀಳುವುದಿಲ್ಲ. ಅದಕ್ಕೂ ಮೊದಲು ಒಂದು ಇಮೇಲ್ ಹಾಕಿದರೆ ಇನ್ನೂ ಒಳ್ಳೆಯದು. ಇಂಥ ದೂರು ಕೊಡುವ ಕೆಲಸವನ್ನು ಹೊರಗಿನ ಏಜೆನ್ಸಿಗೆ ಒಪ್ಪಿಸಿದ್ದರೆ, ವಿಮರ್ಶೆಗೂ ಪೈರಸಿಗೂ ಇರುವ ವ್ಯತ್ಯಾಸವನ್ನು ಅವರಿಗೆ ಬರವಣಿಗೆಯಲ್ಲಿ ಕೊಡಿ. ತೆಗೆಸಿದ ವಿಡಿಯೊಗಳ ಎಣಿಕೆ ಮೇಲೆ ದುಡ್ಡು ಕೊಟ್ಟರೆ ಅವರು ಎಲ್ಲವನ್ನೂ ಎಣಿಸುತ್ತಾರೆ.

ನಿಮ್ಮ ಸಂಘಗಳಲ್ಲಿ ಈ ವಿಷಯ ಒಮ್ಮೆ ಚರ್ಚೆಗೆ ಬರಲಿ. ಎಷ್ಟು ಸೆಕೆಂಡು ತುಣುಕು, ಸ್ಪಾಯ್ಲರ್ ಯಾವಾಗ ಹೇಳಬಹುದು, ಪ್ರಾಯೋಜಿತ ವಿಡಿಯೊ ಆಗಿದ್ದರೆ ಎಲ್ಲಿ ಬರೆಯಬೇಕು ಅನ್ನುವುದನ್ನು ವಿಮರ್ಶಕರನ್ನೂ ಕೂರಿಸಿಕೊಂಡು ಮಾತಾಡಿ. ಕರೆದರೆ ನಮ್ಮವರೂ ಒಬ್ಬರು ಬರುತ್ತಾರೆ. ಸ್ವಂತ ಖರ್ಚಿನಲ್ಲಿ, ರಾತ್ರಿ ಬಸ್ಸಿಗೆ. ಮಲೆನಾಡಿನ ಕಥೆ ಇನ್ನೊಂದು ಮಾಡುವುದಿದ್ದರೆ ಕೊಯ್ಲಿನ ಹೊತ್ತಿಗೆ ಬನ್ನಿ. ತೋಟ ತೋರಿಸುತ್ತೇವೆ, ಕೊನೆಗಾರರನ್ನು ಮಾತಾಡಿಸುತ್ತೇವೆ, ಅಡಿಕೆ ಬೇಯಿಸುವ ಒಲೆ ಮುಂದೆ ಕೂರಿಸುತ್ತೇವೆ. ಇದಕ್ಕೆ ದುಡ್ಡು ಬೇಡ. ಟೈಟಲ್ ಕಾರ್ಡಿನಲ್ಲಿ ಕೃತಜ್ಞತೆ ಹಾಕಿದರೆ ಬೇಡ ಅನ್ನುವುದಿಲ್ಲ.

ವಿಮರ್ಶಕರು ಹೇಳಿದ್ದು ತಪ್ಪು ಅಂತ ನಿಮಗೆ ಅನ್ನಿಸಿದರೆ ಒಂದು ವಿಡಿಯೊ ಮಾಡಿ ಉತ್ತರ ಕೊಡಿ. ಬಜೆಟ್ ಸಾಲಲಿಲ್ಲ, ಜುಲೈನಲ್ಲಿ ಶೂಟಿಂಗ್ ಮಾಡಲು ಮಳೆ ಬಿಡಲಿಲ್ಲ, ಅದಕ್ಕೆ ಬೇಸಿಗೆಯಲ್ಲಿ ಮುಗಿಸಿದೆವು ಅಂತ ಹೇಳಿ. ನಮ್ಮ ಮಳೆ ನಮಗೆ ಗೊತ್ತು, ಆ ಮಾತು ಅರ್ಥವಾಗುತ್ತದೆ. ನಿರ್ದೇಶಕರನ್ನೂ ಆ ತಾಯಿ ಪಾತ್ರದ ನಟಿಯನ್ನೂ ಕೂರಿಸಿ ಮಾತಾಡಿಸಿದರೆ, ವಿಮರ್ಶಕರ ವಿಡಿಯೊ ನೋಡಿದ ಅಷ್ಟೂ ಜನ ಅದನ್ನೂ ನೋಡುತ್ತೇವೆ. ಅದನ್ನು ನೋಡಿಯೂ ಕ್ಯಾಂಟೀನಿನಲ್ಲಿ ಜಗಳ ಆಡುತ್ತೇವೆ.

ಮೊದಲ ಸ್ಟ್ರೈಕಿನ 90 ದಿನ ಇನ್ನೂ ಮುಗಿದಿಲ್ಲ. ನಿಮ್ಮದೇ ಸಂಸ್ಥೆಯ ಇನ್ನೊಂದು ಸಿನಿಮಾ ಅದರೊಳಗೇ ಬಿಡುಗಡೆಯಾಗುತ್ತಿದೆ. ಅದರ ವಿಮರ್ಶೆ ಮಾಡಬೇಕೋ ಬೇಡವೋ ಅಂತ ಅವರು ಯೋಚಿಸುತ್ತಿದ್ದಾರಂತೆ. ನಿಮ್ಮ ತೀರ್ಮಾನವನ್ನು ಆ ಸಿನಿಮಾ ಬರುವ ಶುಕ್ರವಾರಕ್ಕೆ ಮೊದಲೇ ತಿಳಿಸಿ.

ವಿಶ್ವಾಸದಿಂದ,

ತೀರ್ಥಹಳ್ಳಿಯ ಸಿನಿಮಾ ಗೆಳೆಯರ ಪರವಾಗಿ
ಒಬ್ಬ ಪ್ರೇಕ್ಷಕ